ಪಿಕಪ್‌ನ ಪಿಕಪ್

ಉತ್ತರ ಕರ್ನಾಟಕದಲ್ಲಿ ಪಿಕಪ್ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು, ಬೆನ್ನ ಮೇಲೆ ತೆರೆದ ಪೆಟ್ಟಿಗೆ ಹೊತ್ತ ಸಣ್ಣ ಸರಕು ಗಾಡಿ. ಇನ್ನೊಂದು, ಕಾಲು ಒತ್ತಿದ ಕೂಡಲೇ ಮುಂದಕ್ಕೆ ನುಗ್ಗುವ ಇಂಜಿನ್ನಿನ ಗುಣ. ಮೊದಲನೆಯದನ್ನು ಸಾಲ ಮಾಡಿ ಕೊಳ್ಳಬಹುದು. ಎರಡನೆಯದು ಶೋರೂಮಿನಿಂದ ಗಾಡಿಯ ಜೊತೆಗೇ ಮನೆಗೆ ಬರುತ್ತದಾದರೂ, ಪೂಜೆಯ ಕುಂಕುಮ ಮಾಸುವ ಹೊತ್ತಿಗೆ ಮಾಲೀಕನ ಮನಸ್ಸಿನಲ್ಲಿ ಕಡಿಮೆಯಾಗತೊಡಗುತ್ತದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಂಥ ಕಬ್ಬಿನ ಊರಿನ ಚಹಾದಂಗಡಿಯಲ್ಲಿ ಯಾವ ಗಾಡಿಯ ಬಗ್ಗೆ ಕೇಳಿದರೂ ಬರುವ ಉತ್ತರ ಒಂದೇ: “ಗಾಡಿ ಚಲೋ ಐತಿ, ಪಿಕಪ್ ಇಲ್ಲ ನೋಡ್ರಿ.” ಪಿಕಪ್ಪಿಗೇ ಪಿಕಪ್ ಇಲ್ಲದ ಈ ವಿಚಿತ್ರ ಕೊರತೆಗೆ ಮದ್ದೆಂದು ಮಾರುಕಟ್ಟೆಗೆ ಬಂದಿರುವ ಅಂಗೈಯಗಲದ ಸಾಧನಕ್ಕೆ ಇಂಜಿನ್ ಟ್ಯೂನರ್ ಎಂದು ಹೆಸರು.

ಟ್ಯೂನರು ನೋಡಲು ಟಿವಿ ರಿಮೋಟಿಗಿಂತ ದಪ್ಪ, ಇಟ್ಟಂಗಿಗಿಂತ ತೆಳು. ಮುಂದೆ ಸಣ್ಣ ಪರದೆ, ಅದರ ಕೆಳಗೆ ನಾಲ್ಕಾರು ಗುಂಡಿ, ಹಿಂದೆ ಬಾಲದಂಥ ಒಂದು ಕೇಬಲ್. ಆ ಬಾಲದ ತುದಿಯನ್ನು ಸ್ಟೇರಿಂಗಿನ ಕೆಳಗೆ, ಮೊಣಕಾಲಿಗೆ ತಾಗುವ ಜಾಗದಲ್ಲಿರುವ ಸಾಕೆಟ್ಟಿಗೆ ಸಿಕ್ಕಿಸಬೇಕು. ಎರಡು ಸಾಲಿನಲ್ಲಿ ಎಂಟೆಂಟರಂತೆ 16 ಪಿನ್ನುಗಳ ಈ ಸಾಕೆಟ್ಟಿಗೆ ಓಬಿಡಿ ಎಂದು ಕರೆಯುತ್ತಾರೆ. ಗ್ಯಾರೇಜಿನವರ ಬಾಯಲ್ಲಿ ಅದು ‘ಸ್ಕ್ಯಾನರ್ ಪಾಯಿಂಟು’. ಇಲ್ಲಿಂದ ಹೊರಟ ತಂತಿ ಇಂಜಿನ್ನಿನ ಲೆಕ್ಕಾಧಿಕಾರಿಯನ್ನು, ಅಂದರೆ ಇಸಿಯು ಎಂಬ ಕಂಪ್ಯೂಟರನ್ನು ಮುಟ್ಟುತ್ತದೆ. ಎಷ್ಟು ಕಾಲೊತ್ತಿದರೆ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ, ಎಷ್ಟು ಒತ್ತಡದಲ್ಲಿ, ಎಷ್ಟು ಗಾಳಿಯ ಜೊತೆ ಎಂಬುದೆಲ್ಲ ಅದರೊಳಗೆ ಕೋಷ್ಟಕಗಳಾಗಿ ಕೂತಿದೆ. ಈ ಕೋಷ್ಟಕಗಳಿಗೆ ಮ್ಯಾಪ್ ಎಂದು ಹೆಸರು. ಟ್ಯೂನರು ಮಾಡುವ ಕೆಲಸ ಇಷ್ಟೇ: ಹಳೆಯ ಮ್ಯಾಪನ್ನು ಓದಿ ತೆಗೆದಿಟ್ಟುಕೊಳ್ಳುವುದು, ತಿದ್ದಿದ ಮ್ಯಾಪನ್ನು ಅದರ ಜಾಗದಲ್ಲಿ ಬರೆಯುವುದು. ಒಂದು ನಟ್ಟನ್ನೂ ಅದು ಸಡಿಲಿಸುವುದಿಲ್ಲ. ಹೊಲ ಇದ್ದಷ್ಟೇ ಇದ್ದು ಪಹಣಿ ಮಾತ್ರ ತಿದ್ದುಪಡಿಯಾದಂತೆ. ಆದರೆ ಪಹಣಿ ತಿದ್ದಿದರೆ ಬೆಳೆ ಹೆಚ್ಚುವುದಿಲ್ಲ. ಇಲ್ಲಿ ನಿಜವಾಗಿಯೂ ಹೆಚ್ಚುತ್ತದೆ. ಮನುಷ್ಯ ಮರುಳಾಗುವುದು ಅದಕ್ಕೇ.

ಎಳೆಯುವ ಶಕ್ತಿಯನ್ನು ಕೃತಕವಾಗಿ ಹೆಚ್ಚಿಸುವ ಆಸೆ ಈ ಸೀಮೆಗೆ ಹೊಸದಲ್ಲ. ಜಾತ್ರೆಗಳಲ್ಲಿ ನಡೆಯುವ ತೆರಬಂಡಿ ಸ್ಪರ್ಧೆಯಲ್ಲಿ ಗಾಲಿ ಉರುಳದಂತೆ ಬಿಗಿದ ಬಂಡಿಯನ್ನು ಎತ್ತುಗಳು ಎಳೆಯಬೇಕು. ಅದಕ್ಕಾಗಿ ಎತ್ತುಗಳಿಗೆ ಹುರುಳಿ, ಹಾಲು, ತತ್ತಿ ತಿನ್ನಿಸಿ ಸಾಕುವವರಿದ್ದಾರೆ. ಮನೆಯ ಮಕ್ಕಳಿಗೆ ಉಳಿದಿದ್ದು. ಇದು ಟ್ಯೂನಿಂಗಿನ ಮೊದಲ ರೂಪ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವ ಪಂದ್ಯಗಳು ಬಂದವು, ಹುರುಳಿಯ ಜಾಗಕ್ಕೆ ಡೀಸೆಲ್ ಬಂತು. ಶಕ್ತಿಯನ್ನು ಕುದುರೆಯ ಲೆಕ್ಕದಲ್ಲಿ ಅಳೆಯುವ ಪದ್ಧತಿಯನ್ನು ಜೇಮ್ಸ್ ವಾಟ್ ಬಳಕೆಗೆ ತಂದದ್ದು ಇಂಗ್ಲೆಂಡಿನಲ್ಲಿ. ಈಗಿನ ಲೆಕ್ಕದಲ್ಲಿ ಒಂದು ಅಶ್ವಶಕ್ತಿ ಎಂದರೆ 746 ವಾಟ್. ಅವನು ಘಟಪ್ರಭೆಯ ದಂಡೆಯಲ್ಲಿ ಹುಟ್ಟಿದ್ದರೆ ಅದು ಜೋಡೆತ್ತಿನ ಶಕ್ತಿ ಎಂದಾಗುತ್ತಿತ್ತು, ಗಾಡಿಗಳ ಜಾಹೀರಾತಿನಲ್ಲಿ ಸಂಖ್ಯೆಗಳು ಇನ್ನಷ್ಟು ವಿನಯದಿಂದಿರುತ್ತಿದ್ದವು.

ಇಂಜಿನ್ನಿಗೆ ಕಂಪ್ಯೂಟರ್ ಬರುವ ಮೊದಲು ಟ್ಯೂನರಿನ ಕೆಲಸ ಮಾಡುತ್ತಿದ್ದದ್ದು ಮಿಸ್ತ್ರಿಯ ಪಾನಾ. ಡೀಸೆಲನ್ನು ಅಳೆದು ಸಿಲಿಂಡರಿಗೆ ಚಿಮ್ಮಿಸುವ ಯಾಂತ್ರಿಕ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಿಸತೊಡಗಿತು. ಅದೇ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಈ ಪಂಪುಗಳನ್ನು ಕಳಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಹಳೆಯ ಮಿಸ್ತ್ರಿಗಳ ನಾಲಿಗೆಗೆ ಆ ಸುದ್ದಿ ಇನ್ನೂ ತಲುಪಿಲ್ಲ, ಅವರಿಗದು ಇಂದಿಗೂ ಮೈಕೋ ಪಂಪು. ಪಂಪಿನ ಮೇಲೆ ಡೀಸೆಲಿನ ಗರಿಷ್ಠ ಪ್ರಮಾಣವನ್ನು ಕಟ್ಟಿಹಾಕುವ ಒಂದು ಸ್ಕ್ರೂ ಇರುತ್ತದೆ, ಅದನ್ನು ಯಾರೂ ಮುಟ್ಟಬಾರದೆಂದು ಒಂದು ಸೀಲು ಇರುತ್ತದೆ. ಸೀಲು ಇದ್ದಲ್ಲಿ ಏನೋ ಒಳ್ಳೆಯದು ಅಡಗಿದೆ ಎಂಬುದು ಲೋಕದ ನಂಬಿಕೆ. ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸುವುದಕ್ಕೆ ‘ಪಂಪ್ ಏರಿಸುವುದು’ ಎನ್ನುತ್ತಾರೆ. ಏರಿಸಿದ ಮೇಲೆ ಸೈಲೆನ್ಸರಿನಿಂದ ಕರಿ ಹೊಗೆ ಉಕ್ಕುತ್ತದೆ. ಅದನ್ನು ಮಾಲೀಕ ಪೌರುಷದ ಗುರುತೆಂದು ತಿಳಿದು ಹಿಗ್ಗುತ್ತಾನೆ. ವಾಸ್ತವದಲ್ಲಿ ಆ ಹೊಗೆ ಗಾಳಿ ಸಾಲದೆ ಅರೆಬೆಂದ ಡೀಸೆಲ್. ಬಂಕಿನಲ್ಲಿ ಲೀಟರಿನ ಲೆಕ್ಕದಲ್ಲಿ ಕೊಂಡದ್ದು ಹೀಗೆ ಮೋಡದ ಲೆಕ್ಕದಲ್ಲಿ ಹೋಗುತ್ತದೆ.

1997ರಿಂದ ಕಾರುಗಳಿಗೆ ಕಾಮನ್ ರೈಲ್ ಪದ್ಧತಿ ಬಂದು, ಆಮೇಲೆ ಪಿಕಪ್ಪುಗಳಿಗೂ ಇಳಿದು, ಪಾನಾದ ಆಳ್ವಿಕೆ ಮುಗಿಯಿತು. ಇದರಲ್ಲಿ ಡೀಸೆಲು ರೈಲ್ ಎಂಬ ಒಂದು ದಪ್ಪ ಕೊಳವೆಯಲ್ಲಿ, 1600 ಬಾರ್ ಅಥವಾ ಅದಕ್ಕೂ ಹೆಚ್ಚು ಮುಟ್ಟಬಲ್ಲ ಒತ್ತಡದಲ್ಲಿ ಕಾದು ನಿಂತಿರುತ್ತದೆ. ಕಾರಿನ ಟೈರಿನ ಗಾಳಿ ಎರಡೂಕಾಲು ಬಾರ್ ಎಂದು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಇಸಿಯು ಅಪ್ಪಣೆ ಕೊಟ್ಟ ಕ್ಷಣಕ್ಕೆ ಇಂಜೆಕ್ಟರು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಒಂದೇ ಹೊಡೆತಕ್ಕೆ ಹಲವು ಸಲ. ಇಲ್ಲಿ ತಿರುಗಿಸಲು ಸ್ಕ್ರೂ ಇಲ್ಲ. ಅನುಭವಿ ಮಿಸ್ತ್ರಿ ಬಾನೆಟ್ ಎತ್ತಿ, ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ ನೋಡಿ, “ಇದರಾಗ ಏನೂ ಇಲ್ಲೇ ಇಲ್ಲಲ್ಲೊ” ಎಂದು ಬಾನೆಟ್ ಮುಚ್ಚುತ್ತಾನೆ. ಟ್ಯೂನರು ಹುಟ್ಟಿದ್ದು ಈ ನಿರಾಶೆಯಲ್ಲಿ.

ಟ್ಯೂನರು ಶಕ್ತಿಯನ್ನು ಎಲ್ಲಿಂದ ತರುತ್ತದೆ ಎಂಬುದನ್ನು ತಿಳಿಯದೆ ಅದನ್ನು ಆರಿಸಲು ಹೊರಡಬಾರದು. ಇಂಜಿನ್ ಮಾಡಿದ ಕಂಪನಿ ಅದರ ತಾಕತ್ತನ್ನೆಲ್ಲ ಮಾಲೀಕನ ಕೈಗೆ ಕೊಟ್ಟಿರುವುದಿಲ್ಲ. ಒಂದೇ ಗಾಡಿ ಲಡಾಖಿನ ಚಳಿಯಲ್ಲೂ ಬಾಗಲಕೋಟೆಯ ಏಪ್ರಿಲ್ಲಿನಲ್ಲೂ ಓಡಬೇಕು. ಕಲಬೆರಕೆ ಡೀಸೆಲನ್ನೂ ಸಹಿಸಬೇಕು. 10,000 ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲನ್ನು ‘ಇನ್ನೂ ಚಲೋ ಐತಿ’ ಎಂದು 20,000ಕ್ಕೆ ಬದಲಿಸುವ ಮಾಲೀಕನನ್ನೂ ಸಹಿಸಬೇಕು. ಹೊಗೆ ನಿಯಮಕ್ಕೆ ಒಳಪಡಬೇಕು. ವಾರಂಟಿ ಮುಗಿಯುವವರೆಗೆ ಒಡೆಯಬಾರದು. ಇಷ್ಟಕ್ಕೆಲ್ಲ ಕಂಪನಿ ಒಂದಿಷ್ಟು ಶಕ್ತಿಯನ್ನು ಹಗೇವಿನಲ್ಲಿ ಹೂತಿಟ್ಟಿರುತ್ತದೆ. ಟ್ಯೂನರು ಆ ಹಗೇವಿನ ಬಾಯಿ ತೆರೆಯುತ್ತದೆ. ಹೊಸದಾಗಿ ಒಂದು ಕಾಳನ್ನೂ ಬೆಳೆಯುವುದಿಲ್ಲ. ಬರಗಾಲಕ್ಕೆಂದು ಇಟ್ಟದ್ದನ್ನು ಹಬ್ಬಕ್ಕೆ ತೆಗೆದುಕೊಡುತ್ತದೆ. ಟರ್ಬೋ ಇರುವ ಡೀಸೆಲ್ ಇಂಜಿನ್ನಿಗೆ ನೂರಕ್ಕೆ 20ರಿಂದ 30ರಷ್ಟು ಹೆಚ್ಚಿಸುತ್ತೇವೆಂದು ಮಾರುವವರು ಹೇಳಿಕೊಳ್ಳುತ್ತಾರೆ. ಟರ್ಬೋ ಇಲ್ಲದ ಇಂಜಿನ್ನಿನಲ್ಲಿ ಹಗೇವು ಬಹಳ ಚಿಕ್ಕದು, ಒಳಗೆ ಇಳಿದವನಿಗೆ ತಳ ಬೇಗ ಸಿಗುತ್ತದೆ.

ಹೆಚ್ಚು ಡೀಸೆಲ್ ಉರಿದರೆ ಹೆಚ್ಚು ಶಕ್ತಿ, ಅದರ ಬೆನ್ನಿಗೇ ಹೆಚ್ಚು ಬಿಸಿ. ಟರ್ಬೋಗೆ ಹೋಗುವ ಹೊಗೆಯ ಉಷ್ಣತೆ ಭಾರದ ಏರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟಿ ಅಲ್ಲೇ ನಿಂತರೆ ಕೆಡುಕು ಹತ್ತಿರವಾಯಿತೆಂದೇ ಲೆಕ್ಕ. ಬಹುಪಾಲು ಪಿಕಪ್ಪುಗಳ ಪಿಸ್ಟನ್ನು ಅಲ್ಯೂಮಿನಿಯಮ್ಮಿನದು. ಶುದ್ಧ ಅಲ್ಯೂಮಿನಿಯಮ್ 660 ಡಿಗ್ರಿಗೇ ಕರಗುತ್ತದೆ. ಒಳಗಿನಿಂದ ಚಿಮ್ಮುವ ಆಯಿಲು, ಸುತ್ತ ಹರಿಯುವ ನೀರು ಪಿಸ್ಟನ್ನನ್ನು ಕಾಯುತ್ತವೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಮುಧೋಳದವನೇ ಆದ ರನ್ನ ‘ಗದಾಯುದ್ಧ’ದಲ್ಲಿ ಚಿತ್ರಿಸಿದ ದುರ್ಯೋಧನನ ಒಳಗುದಿಯನ್ನು ಇಡೀ ವೈಶಂಪಾಯನ ಸರೋವರಕ್ಕೇ ತಣಿಸಲಾಗಲಿಲ್ಲ. ಎಂಟು ಲೀಟರಿನ ರೇಡಿಯೇಟರಿನಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣದವರಿಗೆ ಈ ಮಾತನ್ನು ಬೇರೆ ಹೇಳಬೇಕಿಲ್ಲ. ಒಲೆಗೆ ಇನ್ನೆರಡು ಹಿಡಿ ರವದಿ ಹಾಕಿದರೆ ಪಾಕ ಬೇಗ ಬರುತ್ತದೆ. ನಾಲ್ಕು ಹಿಡಿ ಹಾಕಿದರೆ ಕೊಪ್ಪರಿಗೆಯ ತಳ ಹಿಡಿಯುತ್ತದೆ. ಹದ ಎಂಬ ಒಂದೇ ಶಬ್ದದಲ್ಲಿ ಟ್ಯೂನಿಂಗ್ ಶಾಸ್ತ್ರವೆಲ್ಲ ಅಡಗಿದೆ.

ಅಂಗಡಿಯಲ್ಲಿ ಟ್ಯೂನರ್ ಎಂಬ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಜಾತಿಯ ವಸ್ತುಗಳು ಸಿಗುತ್ತವೆ. ಮೊದಲನೆಯದು ಸ್ಕ್ಯಾನರ್. ಇದು ಓದಬಲ್ಲದು, ಬರೆಯಲಾರದು. ಕೆಲವು ನೂರು ರೂಪಾಯಿಗೆ ಸಿಗುವ, ಮೊಬೈಲಿಗೆ ಬ್ಲೂಟೂತಿನಲ್ಲಿ ಮಾತಾಡುವ ಬೆಂಕಿಪೊಟ್ಟಣದಂಥ ವಸ್ತು ಈ ಜಾತಿಯದು. ಅದರ ಮೇಲೆ ‘ಪವರ್’ ಎಂದು ಅಚ್ಚಾಗಿದ್ದರೂ ಅದು ಅಚ್ಚಿನ ಪವರೇ. ಎರಡನೆಯದು ಪೆಡಲ್ ಬಾಕ್ಸ್. ಕಾಲನ್ನು ಕಾಲುಭಾಗ ಒತ್ತಿದರೆ ಇಂಜಿನ್ನಿಗೆ ಅರ್ಧ ಒತ್ತಿದಂತೆ ವರದಿ ಮಾಡುತ್ತದೆ. ಶಕ್ತಿ ಒಂದು ಗುಲಗಂಜಿಯೂ ಹೆಚ್ಚದು, ಆದರೆ ಗಾಡಿ ಚುರುಕಾದಂತೆ ತೋರುತ್ತದೆ; ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟುಕೊಂಡು ಬೇಗ ಎದ್ದೆವೆಂದು ಸಂತೋಷಪಡುವವರಿಗೆ ಇದು ಒಪ್ಪುತ್ತದೆ. ಮೂರನೆಯದು ಟ್ಯೂನಿಂಗ್ ಬಾಕ್ಸ್. ಇದು ರೈಲಿನ ಒತ್ತಡ ಅಳೆಯುವ ಸೆನ್ಸರಿಗೂ ಇಸಿಯುವಿಗೂ ನಡುವೆ ಕೂತು ಚಾಡಿ ಹೇಳುತ್ತದೆ. ಒತ್ತಡ ಸರಿಯಾಗಿದ್ದರೂ ಕಡಿಮೆಯಿದೆ ಎನ್ನುತ್ತದೆ, ಇಸಿಯು ನಂಬಿ ಏರಿಸುತ್ತದೆ. ಬಿಚ್ಚಿದರೆ ಗಾಡಿ ಮೊದಲಿನಂತಾಗುತ್ತದೆ ಎಂಬುದು ಇದರ ಗುಣ. ಇಬ್ಬರ ನಡುವೆ ಸುಳ್ಳು ಹೇಳಿ ನಡೆಸಿದ ಸಂಸಾರ ಎಂಬುದು ದೋಷ. ನಾಲ್ಕನೆಯದೇ ನಿಜವಾದ ಕೈಟ್ಯೂನರ್, ಮ್ಯಾಪನ್ನೇ ಓದಿ ಬರೆಯುವಂಥದು. ಅಮೆರಿಕದಲ್ಲಿ ಪಿಕಪ್ಪನ್ನು ಸ್ವಂತಕ್ಕೆ ಇಟ್ಟುಕೊಳ್ಳುವವರಿಗಾಗಿಯೇ ಎಡ್ಜ್, ಎಸ್‌ಸಿಟಿ, ಡಯಾಬ್ಲೋಸ್ಪೋರ್ಟ್ ಮೊದಲಾದ ಹೆಸರಿನಲ್ಲಿ ಇವು ಬೆಳೆದವು. ಅಲ್ಲಿ ನೆಲೆಸಿದ ಮಗ ರಜೆಗೆ ಬರುವಾಗ ಬಾದಾಮಿ, ಚಾಕಲೇಟಿನ ಜೊತೆ ಇದನ್ನೂ ತರಲಿ ಎಂದು ಬಯಸುವುದು ಸಹಜ, ಪ್ರಯೋಜನ ಕಡಿಮೆ. ಅಲ್ಲಿನ ಫೋರ್ಡು, ರ್‍ಯಾಮ್‌ಗಳಿಗೆ ಬರೆದ ಯಂತ್ರಕ್ಕೆ ಇಲ್ಲಿನ ಬೊಲೆರೋ ಪಿಕಪ್ಪಿನ ಭಾಷೆ ತಿಳಿಯದು. ಆದ್ದರಿಂದ ಈ ದೇಶದಲ್ಲಿ ಬಳಕೆಗೆ ಬಂದಿರುವುದು ಹೆಚ್ಚಾಗಿ ಟ್ಯೂನಿಂಗ್ ಬಾಕ್ಸು, ಇಲ್ಲವೆ ದೊಡ್ಡ ಊರಿನ ತಜ್ಞರಿಂದ ಮಾಡಿಸುವ ರೀಮ್ಯಾಪು.

ಆಯ್ಕೆಗೆ ಒಂದು ಕ್ರಮವಿದೆ. ಮೊದಲು ನೋಡಬೇಕಾದದ್ದು, ಗಾಡಿಗೆ ಇಸಿಯು ಇದೆಯೇ ಎಂಬುದನ್ನು. ಹಾಸ್ಯವೆನಿಸಿದರೂ ಇದು ಅಗತ್ಯ. ಭಾರತದ ಟ್ರ್ಯಾಕ್ಟರುಗಳಲ್ಲಿ 50 ಅಶ್ವಶಕ್ತಿಗಿಂತ ಮೇಲಿನವುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಬಂದು ಕಾಮನ್ ರೈಲ್ ಕಾಲಿಟ್ಟಿತು. ಅದಕ್ಕಿಂತ ಸಣ್ಣವು ಬಹುತೇಕ ಈಗಲೂ ಯಾಂತ್ರಿಕ ಪಂಪಿನವೇ. ಅಂಥ ಟ್ರ್ಯಾಕ್ಟರಿಗೆ ಟ್ಯೂನರ್ ಕೊಂಡವನು ಸಿಕ್ಕಿಸುವ ತೂತು ಹುಡುಕುತ್ತ ಬೆಳಗು ಮಾಡಬಹುದು. ಎರಡನೆಯದು, ವೋಲ್ಟೇಜು. ಪಿಕಪ್ಪಿನ ವಿದ್ಯುತ್ತು 12 ವೋಲ್ಟಿನದು, ದೊಡ್ಡ ಲಾರಿಗಳದು 24. ಪಕ್ಕದ ಮನೆಯ ಲಾರಿಗೂ ಒಮ್ಮೆ ಹಚ್ಚಿ ನೋಡೋಣ ಎಂಬ ಔದಾರ್ಯದಲ್ಲಿ ಟ್ಯೂನರು ಸುಟ್ಟುಹೋಗುವುದುಂಟು. ಮೂರನೆಯದು, ಹೊಂದಾಣಿಕೆ. ಗಾಡಿಯ ಹೆಸರು ಒಂದೇ ಇದ್ದರೆ ಸಾಲದು. ವರ್ಷ, ಇಂಜಿನ್, ಹೊಗೆ ದರ್ಜೆ, ಇಸಿಯುವಿನ ಸಾಫ್ಟ್‌ವೇರ್ ಸಂಖ್ಯೆ ಎಲ್ಲವೂ ಕೂಡಿಬರಬೇಕು. ಮೂವತ್ತಾರು ಗುಣಗಳಲ್ಲಿ ಹದಿನೆಂಟು ಕೂಡಿದರೆ ಮದುವೆ. ಇಲ್ಲಿ ಮೂವತ್ತೈದು ಕೂಡಿದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಮದುವೆಯ ಮಾತು ಇಲ್ಲಿ ಬರಿಯ ಉಪಮೆಯಲ್ಲ. ಬಹಳಷ್ಟು ಕೈಟ್ಯೂನರುಗಳು ಮೊದಲು ಸಿಕ್ಕಿಸಿದ ಗಾಡಿಯ ಚಾಸಿ ನಂಬರನ್ನು ನೆನಪಿಟ್ಟುಕೊಂಡು ಅದಕ್ಕೇ ಕಟ್ಟುಬೀಳುತ್ತವೆ. ತಯಾರಕರೂ ಇದಕ್ಕೆ ಮದುವೆ ಎಂಬ ಶಬ್ದವನ್ನೇ ಬಳಸುತ್ತಾರೆ. ಮೊದಲ ಗಾಡಿಗೆ ಅದರ ಹಳೆಯ ಮ್ಯಾಪನ್ನು ಹಿಂದಿರುಗಿಸಿ ಬಿಡುಗಡೆ ಪಡೆಯದ ಹೊರತು ಎರಡನೆಯದನ್ನು ಕಣ್ಣೆತ್ತಿ ನೋಡವು. ಸೆಕೆಂಡ್‌ಹ್ಯಾಂಡ್ ಟ್ಯೂನರನ್ನು ಅಗ್ಗಕ್ಕೆ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಹಿಂದಿನದು ಬಿಟ್ಟಿದೆಯೋ, ಇನ್ನೂ ಕಟ್ಟಿಕೊಂಡಿದೆಯೋ?

ನಾಲ್ಕನೆಯದು, ಉದ್ದೇಶ. ಮೆನುವಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಮ್ಯಾಪುಗಳಿರುತ್ತವೆ. ಒಂದು ಮಿತವ್ಯಯದ್ದು, ಕೆಳಗಿನ ವೇಗದಲ್ಲೇ ಎಳೆತ ಹೆಚ್ಚಿಸಿ ಗೇರು ಇಳಿಸುವ ಪ್ರಸಂಗ ಕಡಿಮೆ ಮಾಡುತ್ತದೆ. ಒಂದು ಭಾರ ಎಳೆಯುವುದಕ್ಕೆ. ಬಿಸಿಯನ್ನು ಹಿಡಿತದಲ್ಲಿಟ್ಟು ಸ್ವಲ್ಪವೇ ಏರಿಸುತ್ತದೆ. ಇನ್ನೊಂದು ಓಟಕ್ಕೆ, ಹಗೇವನ್ನು ಬರಿದು ಮಾಡುತ್ತದೆ. ಗೊಬ್ಬರದ ಚೀಲ, ಬೀಜದ ಕಬ್ಬು, ರಬಕವಿ-ಬನಹಟ್ಟಿಯ ಸೀರೆಗಂಟು ಹೊರುವ ಗಾಡಿಗೆ ಮೊದಲಿನ ಎರಡೇ ಸಾಕು. ಕೊಳ್ಳುವವರೆಲ್ಲ ಮೊದಲ ದಿನ ಒತ್ತುವ ಗುಂಡಿ ಮೂರನೆಯದು. ಓಡುವುದಕ್ಕೆಂದೇ ಹುಟ್ಟಿದ ಮೈಕಟ್ಟು ಬೇರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮುಧೋಳ ನಾಯಿಯ ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ ನೋಡಿದರೆ ಅದು ಗೊತ್ತಾಗುತ್ತದೆ. ಎಮ್ಮೆಗೆ ಆ ನಾಯಿಯ ಮ್ಯಾಪು ಹಾಕಿದರೆ ಎಮ್ಮೆ ಓಡುವುದಿಲ್ಲ, ಹಾಲು ಕೊಡುವುದನ್ನೂ ಬಿಡುತ್ತದೆ.

ಐದನೆಯದು, ಕ್ಲಚ್ಚು. ಇಂಜಿನ್ ತಯಾರಿಸಿದ ಹೊಸ ಎಳೆತವನ್ನು ಗಾಲಿಗೆ ಮುಟ್ಟಿಸಬೇಕಾದ ಕ್ಲಚ್ಚು, ಗೇರ್‌ಬಾಕ್ಸು, ಎಕ್ಸಲ್ಲುಗಳು ಹಳೆಯ ಲೆಕ್ಕಕ್ಕೇ ಮಾಡಿದವು. ಎತ್ತಿಗೆ ಬಲ ಬಂದು ನೊಗ ಹಳೆಯದೇ ಉಳಿದರೆ ಮುರಿಯುವುದು ನೊಗ. ಆರನೆಯದು, ಪರದೆ. ಹೊಗೆಯ ಬಿಸಿ, ನೀರಿನ ಬಿಸಿ, ಟರ್ಬೋ ಒತ್ತಡ, ರೈಲಿನ ಒತ್ತಡಗಳನ್ನು ಓಡುವಾಗ ತೋರಿಸುವ ಟ್ಯೂನರಿಗೆ ತುಸು ಹೆಚ್ಚು ಕೊಡುವುದು ನಷ್ಟವಲ್ಲ. ಬಲ ಹೆಚ್ಚಿಸಿ ಬಿಸಿ ತೋರಿಸದ ಟ್ಯೂನರು ಸಾಲ ಕೊಟ್ಟು ಬಡ್ಡಿಯ ದರ ಹೇಳದ ಸಾಹುಕಾರನಿದ್ದಂತೆ.

ಖರ್ಚಿಗೆ ಮನೆಯವರ ಒಪ್ಪಿಗೆ ಪಡೆಯಲು ಗಂಡಸರು ಬಳಸುವ ವಾದ ಒಂದೇ, ‘ಆವರೇಜ್ ಹೆಚ್ಚಾಗುತ್ತದೆ’. ಲೆಕ್ಕ ಹಾಕಿ ನೋಡಬಹುದು. ಗಾಡಿ ವರ್ಷಕ್ಕೆ 30,000 ಕಿಲೋಮೀಟರ್ ಓಡಿ, ಲೀಟರಿಗೆ 12 ಕೊಡುತ್ತದೆಂದುಕೊಂಡರೆ 2500 ಲೀಟರ್ ಡೀಸೆಲ್ ಬೇಕು. ನೂರಕ್ಕೆ ಐದರಷ್ಟು ಉಳಿದರೆ 125 ಲೀಟರ್. ಲೀಟರಿಗೆ 90 ರೂಪಾಯಿಯಂತೆ 11,250 ರೂಪಾಯಿ. ಕಾಗದದ ಮೇಲೆ ಎರಡು ಮೂರು ವರ್ಷದಲ್ಲಿ ಟ್ಯೂನರಿನ ಬೆಲೆ ಹುಟ್ಟುತ್ತದೆ. ಆದರೆ ಈ ಲೆಕ್ಕ ಹಳೆಯ ಕಾಲು ಹಳೆಯಷ್ಟೇ ಒತ್ತುತ್ತದೆಂಬ ಊಹೆಯ ಮೇಲೆ ನಿಂತಿದೆ. ಹೊಸ ಬಲ ಬಂದ ಕಾಲು ಮೊದಲಿನ ಕಾಲಾಗಿ ಉಳಿಯುವುದಿಲ್ಲ. ಉಳಿಯಬೇಕಾದ 125 ಲೀಟರು ಲೋಕಾಪುರದ ರಸ್ತೆಯಲ್ಲಿ ಮುಂದಿನ ಗಾಡಿಯನ್ನು ಹಿಂದೆ ಹಾಕುವುದರಲ್ಲಿ ಖರ್ಚಾಗಿ, ಮನೆಯವರಿಗೆ ಬೇರೆ ವಾದ ಹುಡುಕಬೇಕಾಗುತ್ತದೆ.

ಬಳಸುವ ವಿಧಾನ ಹೀಗೆ. ಮೊದಲು ಗಾಡಿಯ ಆರೋಗ್ಯ ನೋಡಬೇಕು. ಏರ್ ಫಿಲ್ಟರು, ಡೀಸೆಲ್ ಫಿಲ್ಟರು, ಆಯಿಲು ಹೊಸದಾಗಿರಬೇಕು. ಟರ್ಬೋ ಕೊಳವೆಗಳಲ್ಲಿ ಸೋರಿಕೆ ಇರಬಾರದು. ಇಸಿಯುವಿನಲ್ಲಿ ದೋಷದ ಕೋಡುಗಳಿದ್ದರೆ ಅವುಗಳ ಕಾರಣ ಸರಿಪಡಿಸಬೇಕು. ಪಿಕಪ್ ಇಲ್ಲವೆಂದು ಬಂದ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ರೋಗ ಈ ಹಂತದಲ್ಲೇ ವಾಸಿಯಾಗುತ್ತದೆ. ಸುಗ್ಗಿಯ ಧೂಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಎರಿಮಣ್ಣಿನ ಹೆಂಟೆಯಂತಾದ ಏರ್ ಫಿಲ್ಟರನ್ನು ಬದಲಿಸಿದೊಡನೆ ಇಂಜಿನ್ ನೆಗಡಿ ಬಿಟ್ಟವರಂತೆ ಉಸಿರಾಡುತ್ತದೆ. ಟ್ಯೂನರ್ ಮಾರುವವರು ಈ ಅಧ್ಯಾಯವನ್ನು ಬೇಗ ದಾಟುತ್ತಾರೆ.

ಆಮೇಲೆ ಬ್ಯಾಟರಿ. ಬರೆಯುವ ಹೊತ್ತಿನಲ್ಲಿ ವೋಲ್ಟೇಜು ಕುಸಿದರೆ ಇಸಿಯು ಅರ್ಧ ಹಳೆಯ ಪಾಠ, ಅರ್ಧ ಹೊಸ ಪಾಠ ಕಲಿತು ಎರಡೂ ಬಾರದ ವಿದ್ಯಾರ್ಥಿಯಾಗುತ್ತದೆ. ಬ್ಯಾಟರಿ ತುಂಬಿರಬೇಕು, ಸಾಧ್ಯವಿದ್ದರೆ ಚಾರ್ಜರ್ ಹಚ್ಚಿರಬೇಕು; ದೀಪ, ಫ್ಯಾನು ಬಂದಾಗಿರಬೇಕು. ಈ ಭಾಗದ ಗಾಡಿಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಹಾಡು. ಊರಾಚೆಯಿಂದಲೇ ಎದೆ ನಡುಗಿಸುವ ಸೌಂಡ್ ಬಾಕ್ಸುಗಳ ವೈರನ್ನು ಬ್ಯಾಟರಿಯಿಂದ ಬಿಡಿಸಬೇಕು. ಮಾಲೀಕನಿಗೆ ಇದು ಇಡೀ ವಿಧಿಯ ಅತಿ ಕಠಿಣ ಭಾಗ.

ಮೂರನೆಯ ಹಂತ ಹಳೆಯ ಮ್ಯಾಪನ್ನು ಉಳಿಸಿಕೊಳ್ಳುವುದು. ಟ್ಯೂನರು ತಾನಾಗಿ ಒಂದು ಪ್ರತಿ ಇಟ್ಟುಕೊಂಡರೂ ಕಂಪ್ಯೂಟರಿನಲ್ಲೊಂದು, ಪೆನ್‌ಡ್ರೈವಿನಲ್ಲೊಂದು ಪ್ರತಿ ಇರಬೇಕು. ಜಮೀನಿನ ಮೂಲ ಪತ್ರವನ್ನು ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇಡುವ ಮನೆಗಳಿಗೆ ಇದರ ಮಹತ್ವ ಹೇಳಿಕೊಡಬೇಕಿಲ್ಲ. ನಂತರ ಟ್ಯೂನರು ಕೆಲವು ಪ್ರಶ್ನೆ ಕೇಳುತ್ತದೆ: ಟೈರಿನ ಅಳತೆ ಎಷ್ಟು, ಎಕ್ಸಲ್ಲಿನ ಅನುಪಾತ ಎಷ್ಟು? ಇಲ್ಲಿ ನಿಜ ಹೇಳಬೇಕು. ದೊಡ್ಡ ಟೈರು ಹಾಕಿ ಸಣ್ಣದೆಂದು ಹೇಳಿದರೆ ಸ್ಪೀಡೋಮೀಟರು ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಆವರೇಜೂ ಸುಳ್ಳಾಗುತ್ತದೆ.

ಬರೆಯುವ ಕ್ರಿಯೆಗೆ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಇಂಜಿನ್ ಚಾಲು ಮಾಡದೆ ಬಿಡಬೇಕು. ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತ ಹೋಗುತ್ತದೆ. ಐದರಿಂದ ಇಪ್ಪತ್ತು ನಿಮಿಷ ಹಿಡಿಯಬಹುದು. ಈ ಅವಧಿಯಲ್ಲಿ ಯಾರೂ ಏನನ್ನೂ ಮುಟ್ಟಬಾರದು. ಊರಿನಲ್ಲಿ ಇಪ್ಪತ್ತು ನಿಮಿಷ ಯಾರೂ ಏನನ್ನೂ ಮುಟ್ಟದಿರುವಂಥ ಜಾಗ ಸಿಗುವುದು ಕಷ್ಟ. ಬಾಗಿಲು ತೆಗೆದು “ಏನ್ ನಡದೈತಿ?” ಎಂದು ಕೇಳುವವರು, ಕೇಬಲ್ಲನ್ನು ಮೊಬೈಲ್ ಚಾರ್ಜರೆಂದು ತಿಳಿದು ಕಿತ್ತು ತಮ್ಮ ಫೋನಿಗೆ ಹಚ್ಚಿಕೊಳ್ಳುವವರು, ಸ್ಟೇರಿಂಗ್ ಹಿಡಿದು ಹಾರ್ನ್ ಬಾರಿಸುವ ಮೊಮ್ಮಕ್ಕಳು ಈ ಘಳಿಗೆಗೇ ಕಾದಿರುತ್ತಾರೆ. ನಡುವೆ ತುಂಡಾದರೆ ಗಾಡಿ ಅಂಗಳದ ಕಟ್ಟೆಯಾಗಿ ಮಾರ್ಪಡುತ್ತದೆ, ಅದನ್ನು ಎಬ್ಬಿಸಲು ದೊಡ್ಡ ಊರಿನ ತಜ್ಞನೇ ಬೇಕು. ಆದ್ದರಿಂದ ಮಧ್ಯಾಹ್ನದ ಊಟದ ನಂತರ, ಊರು ಅಡ್ಡಾದ ಹೊತ್ತು ಇದಕ್ಕೆ ಶ್ರೇಷ್ಠ ಮುಹೂರ್ತ.

ಬರೆದು ಮುಗಿದ ಮೇಲೆ ಕೀಲಿ ತೆಗೆದು, ತುಸು ಕಾದು, ಇಂಜಿನ್ ಚಾಲು ಮಾಡಬೇಕು. ಬಿಸಿಯಾಗುವವರೆಗೆ ಸುಮ್ಮನೆ ಬಿಟ್ಟು, ಮೊದಲು ಬರಿ ಗಾಡಿಯನ್ನು ಓಡಿಸಿ ಪರದೆಯ ಅಂಕಿಗಳನ್ನು ಗಮನಿಸಬೇಕು. ಭಾರ ಹಾಕುವುದು ಆಮೇಲೆ. ಏರಿನಲ್ಲಿ ಹೊಗೆಯ ಬಿಸಿ ಏರತೊಡಗಿದರೆ ಕಾಲು ಸಡಿಲಿಸಿ ಒಂದು ಗೇರು ಇಳಿಸಬೇಕು. ಇಂಜಿನ್ ವೇಗ ಹೆಚ್ಚಿ ಗಾಳಿ ಹೆಚ್ಚಿ ಬಿಸಿ ಇಳಿಯುತ್ತದೆ. ಏರು ಹತ್ತಿ ಬಂದ ಗಾಡಿಯನ್ನು ನಿಲ್ಲಿಸಿದ ತಕ್ಷಣ ಬಂದ್ ಮಾಡದೆ ಒಂದೆರಡು ನಿಮಿಷ ಚಾಲು ಇಟ್ಟರೆ ಟರ್ಬೋ ತಣಿಯುತ್ತದೆ. ದುಡಿದು ಬಂದ ಎತ್ತಿಗೆ ಕೂಡಲೇ ನೀರು ಕುಡಿಸಬಾರದೆಂದು ಹಿರಿಯರು ಹೇಳುತ್ತಿದ್ದುದರ ಜಾತಿಯ ಮಾತು ಇದು.

ಫಲವನ್ನು ಅಳೆಯುವುದು ಇನ್ನೊಂದು ವಿದ್ಯೆ. ಅನಿಸಿಕೆಯನ್ನು ನಂಬುವಂತಿಲ್ಲ; ಗಾಡಿ ತೊಳೆಸಿದ ದಿನವೂ, ಹೊಸ ಸೀಟ್ ಕವರ್ ಹಾಕಿಸಿದ ದಿನವೂ ಪಿಕಪ್ ಹೆಚ್ಚಾದಂತೆ ತೋರುವುದು ಮಾಲೀಕರ ಸ್ವಭಾವ. ಒಂದೇ ರಸ್ತೆ, ಒಂದೇ ಭಾರ, ಒಂದೇ ಗೇರು ಇಟ್ಟುಕೊಂಡು ಗಂಟೆಗೆ 40ರಿಂದ 70 ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡ್ ಎಂದು ಮೊದಲೂ ಆಮೇಲೂ ಅಳೆಯಬೇಕು. ಆವರೇಜಿಗೆ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಲೆಕ್ಕ ತೆಗೆಯಬೇಕು. ತಿಮ್ಮಾಪುರದ ಸೀಮೆಯಲ್ಲಿ ಇವೆರಡಕ್ಕಿಂತ ನಿಖರವಾದ ಒಂದು ಮಾಪನವೂ ಇದೆ. ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಈ ಊರಿನ ಸುತ್ತ ಹಂಗಾಮಿನಲ್ಲಿ ಕಬ್ಬು ಹೇರಿದ ಗಾಡಿ ಏರು ಹತ್ತುವಾಗ, ಶಾಲೆ ಬಿಟ್ಟ ಹುಡುಗರು ಹಿಂದಿನಿಂದ ಓಡಿಬಂದು ಗಣಿಕೆ ಜಗ್ಗುತ್ತಾರೆ. ಹೊಲದಿಂದ ಹೊರಡುವಾಗ ಇದ್ದ ಕಬ್ಬು, ಕಾರ್ಖಾನೆ ಮುಟ್ಟಿದಾಗ ಉಳಿದ ಕಬ್ಬು, ಇವೆರಡರ ಅಂತರವೇ ಗಾಡಿಯ ಪಿಕಪ್ಪಿನ ಕೊರತೆ. ಟ್ಯೂನ್ ಮಾಡಿದ ಮೇಲೆ ಕಳೆದುಹೋಗುವ ಗಣಿಕೆಗಳು ಅರ್ಧಕ್ಕಿಳಿದರೆ ಯಂತ್ರ ಒಳ್ಳೆಯದೆಂದು ತಿಳಿಯಬೇಕು. ಇಳಿಯದಿದ್ದರೆ ಹುಡುಗರೂ ಟ್ಯೂನ್ ಆಗಿದ್ದಾರೆಂದು ತಿಳಿಯಬೇಕು.

ಕಾನೂನಿನ ಭಾಗ ಚಿಕ್ಕದು, ಸ್ಪಷ್ಟವಾದದ್ದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾಲೀಕ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿ, ನಿಯಮ ಮೀರಿದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೆ ಎರಡನ್ನೂ ಇಟ್ಟಿದೆ. ಹೊಗೆ ಶುದ್ಧೀಕರಿಸುವ ಫಿಲ್ಟರನ್ನು ಕಿತ್ತುಹಾಕಿ, ಅದರ ಕೊರತೆಯನ್ನು ಇಸಿಯುವಿನಿಂದ ಮರೆಮಾಚುವ ‘ಡಿಲೀಟ್’ ಮ್ಯಾಪುಗಳು ಬಹಳಷ್ಟು ದೇಶಗಳ ನಿಯಮಕ್ಕೆ ವಿರುದ್ಧ. ದೊಡ್ಡವರಿಗೂ ಇದರಲ್ಲಿ ರಿಯಾಯಿತಿ ಇಲ್ಲ: ರ್‍ಯಾಮ್ ಪಿಕಪ್ಪುಗಳ ಇಂಜಿನ್ನಿನಲ್ಲಿ ಹೊಗೆ ನಿಯಂತ್ರಣವನ್ನು ತಪ್ಪಿಸುವ ತಂತ್ರಾಂಶವಿತ್ತೆಂಬ ಆರೋಪದ ಮೇಲೆ ಕಮ್ಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡ ಕೊಡಲು ಒಪ್ಪಿದ್ದನ್ನು ಅಮೆರಿಕ ಸರ್ಕಾರ 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಕೆಲವು ಬಿಎಸ್-6 ಗಾಡಿಗಳು ಹೊಗೆ ಶುದ್ಧಿಗೆ ನೂರಕ್ಕೆ 32.5ರಷ್ಟು ಯೂರಿಯಾ ಇರುವ ದ್ರಾವಣವನ್ನೂ ಕೇಳುತ್ತವೆ. ಕಬ್ಬಿಗೂ ಯೂರಿಯಾ, ಗಾಡಿಗೂ ಯೂರಿಯಾ ಎಂಬ ಸಮಾನತೆ ಕಂಡು ಸೊಸೈಟಿಯ ಚೀಲದಿಂದ ಎರಡು ಬೊಗಸೆ ಕದಡಿ ಹಾಕಬಾರದು. ಬೇವಿನೆಣ್ಣೆ ಲೇಪಿಸಿದ ಹೊಲದ ಯೂರಿಯಾ ಆ ವ್ಯವಸ್ಥೆಯನ್ನೇ ಹಾಳು ಮಾಡುತ್ತದೆ.

ವಾರಂಟಿಯ ವಿಷಯ ಇನ್ನೂ ಸೂಕ್ಷ್ಮ. ಸರ್ವಿಸ್ಸಿಗೆ ಕಳಿಸುವ ಮೊದಲು ಹಳೆಯ ಮ್ಯಾಪನ್ನು ಹಿಂದಕ್ಕೆ ಬರೆದರೆ ಯಾರಿಗೂ ತಿಳಿಯದೆಂಬ ನಂಬಿಕೆ ಚಹಾದಂಗಡಿಯಲ್ಲಿ ಪ್ರಚಾರದಲ್ಲಿದೆ. ಎಷ್ಟೋ ಇಸಿಯುಗಳು ತಮ್ಮನ್ನು ಎಷ್ಟು ಸಲ ಬರೆಯಲಾಯಿತೆಂದು ಎಣಿಸಿಟ್ಟುಕೊಳ್ಳುತ್ತವೆ. ಹಾಲಿನ ಪಾತ್ರೆ ತೊಳೆದಿಟ್ಟರೂ ಬೆಕ್ಕಿನ ಮೀಸೆಯ ಕೆನೆ ಉಳಿದಿರುತ್ತದೆ. ತಿಳಿಸದೆ ಇದ್ದರೆ ಇನ್ನೊಂದು ಪ್ರಮಾದವೂ ಉಂಟು: ಸರ್ವಿಸ್ಸಿನವರು ಕಂಪನಿಯ ಹೊಸ ಸಾಫ್ಟ್‌ವೇರ್ ಹಾಕಿದರೆ ಟ್ಯೂನು ಅಳಿಸಿಹೋಗುತ್ತದೆ, ಟ್ಯೂನರಿನಲ್ಲಿರುವ ಹಳೆಯ ಪ್ರತಿಯೂ ಹೊಸದಕ್ಕೆ ಹೊಂದದಂತಾಗುತ್ತದೆ.

ಕೊನೆಯ ಕರ್ತವ್ಯ ಬರುವುದು ಗಾಡಿ ಮಾರುವಾಗ. ಮೂಲ ಮ್ಯಾಪನ್ನು ಹಿಂದಕ್ಕೆ ಬರೆದು, ಟ್ಯೂನರನ್ನು ಮದುವೆಯ ಬಂಧನದಿಂದ ಬಿಡಿಸಿ, ಇಷ್ಟು ದಿನ ಇಂಥದ್ದು ಹಾಕಿತ್ತೆಂದು ಕೊಳ್ಳುವವನಿಗೆ ಹೇಳುವುದು ಸಜ್ಜನಿಕೆ. ಹೇಳದಿದ್ದರೂ ನಡೆಯುವುದು ಒಂದೇ. ಕೊಂಡವನು ಗಾಡಿಯನ್ನು ಮೂರು ತಿಂಗಳು ಓಡಿಸಿ, ಒಂದು ಸಂಜೆ ಚಹಾದಂಗಡಿಯ ಮುಂದೆ ನಿಲ್ಲಿಸಿ, ಪಿಕಪ್ ಇಲ್ಲವೆಂದು ಹೇಳುತ್ತಾನೆ. ಪಕ್ಕದ ಬೆಂಚಿನಲ್ಲಿ ಕೂತ ಹಳೆಯ ಮಾಲೀಕ ಬಶಿಯಲ್ಲಿ ಉಳಿದ ಚಹಾ ಮುಗಿಸಿ, “ಮನ್ಯಾಗ ಒಂದ್ ಮಷಿನ್ ಐತಿ, ಅರ್ಧ ರೇಟಿಗೆ ಕೊಡ್ತೀನಿ” ಎನ್ನುತ್ತಾನೆ.